ಯಾಕಮ್ಮನ ಲ್ಯಾಪ್‌ಟಾಪ್

ಮುಚ್ಚಳವಿರುವ ಯಾವ ವಸ್ತುವನ್ನೂ ಮುಚ್ಚಿದ ಹಾಗೆಯೇ ಬಿಟ್ಟು ಮುಂದೆ ಹೋಗುವುದು ನನ್ನ ಅತ್ತೆಯಿಂದ ಆಗುತ್ತಿರಲಿಲ್ಲ. ವೈದ್ಯರು ರಕ್ತದೊತ್ತಡ ಅಳೆಯುವ ಯಂತ್ರವನ್ನು ಮೇಜಿನ ಮೇಲಿಟ್ಟು ಕೈತೊಳೆಯಲು ಎದ್ದರೆ, ಅವರು ತಿರುಗಿ ಬರುವಷ್ಟರಲ್ಲಿ ಅದರ ತಳದ ಮುಚ್ಚಳ ಅತ್ತೆಯ ಅಂಗೈಯಲ್ಲಿರುತ್ತಿತ್ತು. ಯಾರ ಮನೆಗೆ ಹೋದರೂ ಕುಶಲಪ್ರಶ್ನೆ ಮುಗಿಯುವ ಮೊದಲೇ ಅವಳ ಕಣ್ಣು ಗೋಡೆಗಡಿಯಾರದ ಬೆನ್ನನ್ನು ಹುಡುಕುತ್ತಿತ್ತು. ಒಮ್ಮೆ ನಾವು ಕೆಟ್ಟುನಿಂತ ಲಿಫ್ಟಿನೊಳಗೆ ಸಿಕ್ಕಿಕೊಂಡಿದ್ದೆವು. ಜೊತೆಗಿದ್ದವರು ದೇವರನ್ನೂ ಕಾವಲುಗಾರನನ್ನೂ ಸರದಿಯ ಮೇಲೆ ಕೂಗುತ್ತಿದ್ದರೆ, ಅವಳು ಗುಂಡಿಗಳ ಫಲಕದ ಸ್ಕ್ರೂ ಒಂದನ್ನು ಉಗುರಿನಿಂದ ತಿರುಗಿಸುತ್ತ ನಿಂತಿದ್ದಳು. ಕಡೆಗೂ ಹೊರಗಿನಿಂದ ಬಾಗಿಲು ತೆರೆದು ಬನ್ನಿ ಬನ್ನಿ ಎಂದಾಗ, 'ಒಂದ್ನಿಮಿಷ ಇರಿ' ಎಂದಳು. ಮಗು ಬೆರಳನ್ನು ಬಾಯಿಗಿಡುವಷ್ಟು ಸಹಜವಾಗಿ ಅವಳ ಬೆರಳು ಮುಚ್ಚಳದ ಅಂಚಿಗೆ ಹೋಗುತ್ತಿತ್ತು.

ಅವಳು ನನ್ನ ತಂದೆಯ ತಂಗಿ. ದಂತವೈದ್ಯರಿಗೆ ಕೃತಕ ಹಲ್ಲುಗಳನ್ನು ಮಾಡಿಕೊಡುವ ಪ್ರಯೋಗಾಲಯವೊಂದರಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವಳು. ಕುಳ್ಳು, ತೆಳ್ಳನೆಯ ಮೈ, ನಡಿಗೆ ಗುಬ್ಬಚ್ಚಿಯದು. ನಾಲ್ಕು ಹೆಜ್ಜೆ ಸರಸರ, ಆಮೇಲೆ ಏನೋ ಕಂಡಂತೆ ಥಟ್ಟನೆ ನಿಲುಗಡೆ, ಕತ್ತು ಓರೆ, ಮತ್ತೆ ಸರಸರ. ಅವಳ ಜೊತೆ ಬೀದಿಯಲ್ಲಿ ಹೊರಟವರು ಎಷ್ಟೋ ದೂರ ಒಬ್ಬರೇ ಮಾತಾಡಿಕೊಂಡು ಹೋಗಿ, ಪಕ್ಕದಲ್ಲಿ ಯಾರೂ ಇಲ್ಲವೆಂದು ತಿಳಿದು ಪೆಚ್ಚಾಗಿ ಹಿಂದಿರುಗುತ್ತಿದ್ದರು. ನಿವೃತ್ತಳಾದ ಮೇಲೂ ಪ್ರಯೋಗಾಲಯದ ಬಿಳಿಯ ಕೋಟನ್ನು ಅವಳು ಬಿಟ್ಟುಕೊಡಲಿಲ್ಲ. ತೋಳಿನ ಮೇಲೆ ಗುಲಾಬಿ ಮೇಣದ ಕಲೆಗಳು, ಎಳೆ ಬಿಟ್ಟ ಕಿಸೆಯಂಚು. ಕಿಸೆಯೊಳಗೆ ಚಿಮಟ, ಭೂತಗನ್ನಡಿ, ಕಣ್ರೆಪ್ಪೆಯಷ್ಟು ಸಣ್ಣ ಕುಂಚ, ಮತ್ತು ಯಾವ ಯಂತ್ರದ ಅಂಗವೆಂದು ಈಗ ಯಾರೂ ಹೇಳಲಾರದ ಸ್ಕ್ರೂಗಳ ಒಂದು ಹಿಡಿ. ಮನೆಯಲ್ಲಿ ಯಾವುದನ್ನಾದರೂ ಬಿಚ್ಚುವ ಮನಸ್ಸಾದಾಗ ಆ ಕೋಟು ಮೈಮೇಲೆ ಬರಲೇಬೇಕು. ಸ್ಕ್ರೂಗಳ ಗಲಗಲ ಸದ್ದು ಕೇಳಿದೊಡನೆ ಮಾವ ತಮ್ಮ ಕುರ್ಚಿಯಿಂದಲೇ ಕೇಳುತ್ತಿದ್ದರು: 'ಈವತ್ತು ಯಾವುದರ ಗ್ರಹಚಾರ?'

ಯಾರು ಏನು ಹೇಳಿದರೂ ಅತ್ತೆ ಮೊದಲು 'ಅದು ಸರಿ' ಎನ್ನುತ್ತಿದ್ದಳು. ಹೇಳಿದವರಿಗೆ ಇನ್ನೇನು ಸಮಾಧಾನವಾಗಬೇಕು ಎನ್ನುವಷ್ಟರಲ್ಲಿ 'ಯಾಕೆ?' ಎಂಬ ಬಾಲ ಬರುತ್ತಿತ್ತು. ಕಟ್ಟಡದ ಮಕ್ಕಳೆಲ್ಲ ಅವಳನ್ನು ಯಾಕಮ್ಮ ಎಂದು ಕರೆಯುತ್ತಾರೆಂದು ತಿಳಿದಾಗ ಅವಳಿಗೆ ಕೋಪ ಬರಲಿಲ್ಲ. 'ಅದು ಸರಿ, ಯಾಕಮ್ಮ ಅಂತ ಯಾಕೆ?' ಎಂದು ಅವರನ್ನೇ ವಿಚಾರಿಸಿದಳು.

ಅವಳ ವೃತ್ತಿಯ ಕಾಲದ ಒಂದು ಸಂಗತಿ ನನಗೆ ಬಹಳ ಇಷ್ಟ. ಸಭೆಗಳಲ್ಲಿ ಭಾಷಣ ಮಾಡಿ ಹೆಸರಾಗಿದ್ದ ವೃದ್ಧರೊಬ್ಬರು ಹೊಸ ಹಲ್ಲುಕಟ್ಟು ಹಾಕಿಸಿಕೊಂಡ ಮೇಲೆ 'ಸ' ಎಂದಾಗಲೆಲ್ಲ ಸಿಳ್ಳೆ ಹೊರಡತೊಡಗಿತು. ಸಭಿಕರು ನಗಲಾರಂಭಿಸಿದರು, ಭಾಷಣಕಾರರು 'ಸ' ಇಲ್ಲದ ಪದಗಳನ್ನು ಹುಡುಕಲಾರಂಭಿಸಿದರು. ಹಲ್ಲು ಚೆನ್ನಾಗಿಯೇ ಕೂತಿದೆಯೆಂದು ವೈದ್ಯರು ಕೈಚೆಲ್ಲಿದಾಗ ಅತ್ತೆ ಆ ವೃದ್ಧರನ್ನು ತನ್ನ ಮೇಜಿನ ಮುಂದೆ ಕೂರಿಸಿಕೊಂಡು, 'ಸಾಸಿವೆ ಅನ್ನಿ', 'ಸರಸ್ಸು ಅನ್ನಿ', 'ಸುಮ್ಸುಮ್ನೆ ಅನ್ನಿ' ಎಂದು ಮಧ್ಯಾಹ್ನವೆಲ್ಲ ಹೇಳಿಸಿ, ಪ್ರತಿ ಸಲವೂ ಮುಂದಿನ ಹಲ್ಲಿನ ಹಿಂಬದಿಯನ್ನು ಒಂದು ಉಸಿರಿನಷ್ಟು ಮಾತ್ರ ಅರೆದಳು. ಸಂಜೆಯ ಹೊತ್ತಿಗೆ ಸಿಳ್ಳೆ ನಿಂತಿತ್ತು. ಆದರೆ ಅವಳು ಮನೆಗೆ ಬಂದು ವರ್ಣಿಸಿದ್ದು ನಿಂತ ಸಿಳ್ಳೆಯನ್ನಲ್ಲ. ನಾಲಿಗೆಗೂ ಹಲ್ಲಿಗೂ ನಡುವೆ ಗಾಳಿ ಹೋಗುವ ಆ ಪುಟ್ಟ ಓಣಿಯನ್ನು. ಮಾವ ಊಟ ಆರಿಹೋಗುವವರೆಗೂ ಅದನ್ನು ಕೇಳಿದರಂತೆ.

ಮಾವ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಪ್ರಯೋಗಾಲಯದ ಕೈಪಿಡಿಯೊಂದು ಅಚ್ಚಿಗೆ ಬಂದಾಗ 'ದಂತ' ಎಂಬುದು ಪುಟಪುಟದಲ್ಲೂ 'ದಂಥ'ವಾಗಿತ್ತೆಂದೂ, ಸರಿಯಿದ್ದುದನ್ನು ಹಾಗೆ ತಿದ್ದಿದ ಕೈ ಯಾರದು, ಯಾಕೆ ತಿದ್ದಿದರು ಎಂದು ಕೇಳಿಕೊಂಡು ಅತ್ತೆ ಮುದ್ರಣಾಲಯದ ಮೆಟ್ಟಿಲು ಹತ್ತಿದಳೆಂದೂ, ವಿವರಣೆ ಮುಗಿಯುವುದರೊಳಗೆ ಮದುವೆ ನಿಶ್ಚಯವಾಗಿತ್ತೆಂದೂ ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಾರೆ. ಸ್ವಭಾವದಲ್ಲಿ ಇಬ್ಬರದೂ ಉತ್ತರ ದಕ್ಷಿಣ. ಮಾವ ಬಾಗಿಲ ಅಗಳಿ ಹಾಕಿ, ಮಲಗುವ ಮುನ್ನ ಇನ್ನೊಮ್ಮೆ ಮುಟ್ಟಿ ನೋಡುವವರು. ಚೆನ್ನಾಗಿ ನಡೆಯುತ್ತಿರುವ ಯಾವುದರ ತಂಟೆಗೂ ಹೋಗಬಾರದೆಂಬುದು ಅವರ ಧರ್ಮ. ಅಕ್ಷರಗಳನ್ನು ನೋಡಿ ನೋಡಿಯೇ ಕಳೆದ ಅವರ ಕಣ್ಣುಗಳಲ್ಲಿ, ಇಳಿವಯಸ್ಸಿಗೆ ಬರುತ್ತಿದ್ದಂತೆ, ನಡುವೆ ಒಂದು ಕಪ್ಪು ಮಚ್ಚೆ ಮೂಡಿ ಹರಡಿತು. ಕಿಟಕಿಯ ಚೌಕಟ್ಟು ಕಾಣುತ್ತಿತ್ತು, ಕಿಟಕಿ ಕಾಣುತ್ತಿರಲಿಲ್ಲ. ಪುಟದ ಅಂಚು ಕಾಣುತ್ತಿತ್ತು, ಪುಟ ಕಾಣುತ್ತಿರಲಿಲ್ಲ.

ಆಗ ಮನೆಗೆ ಬಂದದ್ದೇ ಆ ಲ್ಯಾಪ್‌ಟಾಪ್. ಶಾಲೆಯ ಮಕ್ಕಳಿಗೆಂದು ಮಾಡಿದ, ಅಂಗೈಯೆರಡನ್ನು ಅಗಲಿಸಿದರೆ ಮುಚ್ಚಿಹೋಗುವಂಥ, ದುರ್ಬಲ ಯಂತ್ರ. ಫ್ಯಾನಿಲ್ಲ, ಸದ್ದಿಲ್ಲ, ನೆನಪಿನ ಶಕ್ತಿ ಅತ್ಯಲ್ಪ. ಆದರೆ ಅದರಲ್ಲಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶವಿತ್ತು, ಆ ತಂತ್ರಾಂಶಕ್ಕೆ ಒಂದು ಗಂಡುದನಿಯಿತ್ತು, ಮತ್ತು ಆ ದನಿಗೆ ಮಹಾಪ್ರಾಣ ಬರುತ್ತಿರಲಿಲ್ಲ. 'ಅವನು ಧನವಂತನಾಗಿದ್ದ' ಎಂದು ಕೊಟ್ಟರೆ 'ಅವನು ದನವಂತನಾಗಿದ್ದ' ಎಂದು ಓದುತ್ತಿತ್ತು. ಜೀವಮಾನವಿಡೀ ತಪ್ಪು ತಿದ್ದಿದ ಮಾವನಿಗೆ ಇದಕ್ಕಿಂತ ದೊಡ್ಡ ಆಮಂತ್ರಣ ಬೇಕೆ? ತಂತ್ರಾಂಶದೊಳಗೆ ಉಚ್ಚಾರಣೆ ಕಲಿಸುವ ಒಂದು ಅವಕಾಶವಿತ್ತು. ಅವರು ಪದಪದವಾಗಿ ಕಲಿಸತೊಡಗಿದರು. ವರ್ಷಗಳು ಕಳೆದವು. ದನಿಯನ್ನು ಅವರು 'ಶಿಷ್ಯ' ಎಂದು ಕರೆಯುತ್ತಿದ್ದರು, ಗದರುತ್ತಿದ್ದರು, ಸರಿಯಾಗಿ ಹೇಳಿದರೆ 'ಭೇಷ್' ಎನ್ನುತ್ತಿದ್ದರು. ಕಾದಂಬರಿ, ಇತಿಹಾಸ, ಪತ್ರಿಕೆಯ ಸಂಪಾದಕೀಯ, ಎಲ್ಲವೂ ಅವರಿಗೆ ಶಿಷ್ಯನ ಬಾಯಿಂದಲೇ ಬರುತ್ತಿತ್ತು.

ಆ ದನಿಯನ್ನು ತಯಾರಿಸಿದ ಸಂಸ್ಥೆ ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಬೇರೊಂದು ಯಂತ್ರಕ್ಕೆ ಹಾಕಿದರೆ ಅದು ಅನುಮತಿ ಕೇಳುತ್ತಿತ್ತು, ಅನುಮತಿ ಕೊಡುವವರೇ ಇರಲಿಲ್ಲ. ಅಂದರೆ ಶಿಷ್ಯ ಬದುಕಿದ್ದುದು ಆ ಒಂದು ಯಂತ್ರದಲ್ಲಿ, ಅದರ ಒಂದು ಹಳೆಯ ಆಪರೇಟಿಂಗ್ ಸಿಸ್ಟಂನಲ್ಲಿ ಮಾತ್ರ. ಆ ಸಿಸ್ಟಮ್ಮೋ ದಿನದಿನಕ್ಕೆ ಸೊರಗುತ್ತಿತ್ತು. ಪುಸ್ತಕಗಳನ್ನು ಕಳಿಸುತ್ತಿದ್ದ ಗ್ರಂಥಾಲಯ ತನ್ನ ಜಾಲತಾಣವನ್ನು ಹೊಸದಾಗಿ ಕಟ್ಟಿಸಿಕೊಂಡ ಮೇಲೆ ಅದು ಈ ಹಳೆಯ ಸಿಸ್ಟಂನಲ್ಲಿ ತೆರೆಯದೇ ಹೋಯಿತು. ಹಳೆಯ ಪುಸ್ತಕಗಳನ್ನೇ ಮಾವ ಮತ್ತೆ ಮತ್ತೆ ಕೇಳುತ್ತ ಕೂರುವಂತಾಯಿತು.

ಅಂಗಡಿಯ ರಿಪೇರಿಯವನು ಯಂತ್ರವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, 'ಅಮ್ಮಾ, ಇದನ್ನ ಬಿಸಾಕಿ. ಹೊಸದು ತಗೊಳ್ಳಿ' ಎಂದ.

'ಅದು ಸರಿ, ಯಾಕೆ?'

'ಇದು ಸತ್ತುಹೋಗಿದೆ.'

'ಸತ್ತಿಲ್ಲಪ್ಪ, ಏದುಸಿರು ಬಿಡ್ತಿದೆ' ಎಂದು ಅತ್ತೆ ಅದನ್ನು ಎದೆಗವಚಿಕೊಂಡು ಮನೆಗೆ ಬಂದಳು.

ದುರ್ಬಲ ಯಂತ್ರಗಳಿಗೆಂದೇ ಹಗುರವಾಗಿ ಕಟ್ಟಿದ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಇನ್ನೊಂದು ಸಿಸ್ಟಂ ಇದೆಯೆಂದೂ, ಹಳೆಯದನ್ನು ಅಳಿಸದೆ ಅದರ ಪಕ್ಕದಲ್ಲೇ ಇದನ್ನೂ ಕೂರಿಸಬಹುದೆಂದೂ ಅವಳು ಎಲ್ಲೋ ಓದಿದಳು. ಯಂತ್ರ ಎದ್ದಾಗ ಯಾವುದು ಬೇಕೆಂದು ಕೇಳುತ್ತದೆ. ಹೊಸದರಲ್ಲಿ ಪುಸ್ತಕ ಇಳಿಸಿಕೊಂಡು, ಹಳೆಯದರಲ್ಲಿ ಶಿಷ್ಯನಿಂದ ಓದಿಸಬಹುದು. ಆ ಭಾನುವಾರ ನಾನು ಹೋದಾಗ ಗಂಡಹೆಂಡಿರಲ್ಲಿ ಇದೇ ಚರ್ಚೆ ನಡೆಯುತ್ತಿತ್ತು.

'ಏನಾದ್ರೂ ಎಡವಟ್ಟಾದ್ರೆ?' ಎಂದರು ಮಾವ.

'ಆಗಬಹುದು.'

'ಹಳೇ ಪುಸ್ತಕಾನೇ ಕೇಳ್ತೀನಿ ಬಿಡು. ನಂಗೇನು ಬೇಜಾರಿಲ್ಲ.'

'ನಿಮಗೆ ಬೇಜಾರಿದೆ. ನಿನ್ನೆ ಅವನು ಓದೋಕ್ಕೆ ಮುಂಚೆನೇ ನೀವು ಸಾಲು ಹೇಳ್ತಿದ್ರಿ.'

ಮಾವ, 'ನಿಜ ಹೇಳು, ಇದು ನನಗೋಸ್ಕರಾನಾ?' ಎಂದು ಕೇಳಿದರು.

ಅತ್ತೆ ಸುಳ್ಳು ಹೇಳಲು ಬಾರದವಳು. 'ಅರ್ಧ ನಿಮಗೋಸ್ಕರ. ಇನ್ನರ್ಧ, ಹೆಂಗಾಗತ್ತೆ ಅಂತ ನೋಡ್ಬೇಕು ಅನ್ಸಿದೆ' ಎಂದಳು.

ಮಾವನಿಗೆ ನಗು ಬಂತು. ನಕ್ಕದ್ದೇ ಒಪ್ಪಿಗೆಯೆಂದು ಅವಳು ತಿಳಿದಳು. ಒಪ್ಪಿಗೆಯಲ್ಲವೆಂದು ಅವರೂ ಹೇಳಲಿಲ್ಲ.

ಅಲ್ಲಿಂದ ಮುಂದೆ ನಾನು ಕಂಡದ್ದು ಅವಳ ಗುರುತೇ ಸಿಗದಂಥ ವರ್ತನೆ. ಯಾವ ವಸ್ತುವಿನ ಸೂಚನಾಪತ್ರವನ್ನೂ ಅವಳು ಓದಿದವಳಲ್ಲ. ಅದೆಲ್ಲ ಉತ್ತರ ನೋಡಿಕೊಂಡು ಲೆಕ್ಕ ಮಾಡಿದ ಹಾಗೆ ಎಂಬ ತಾತ್ಸಾರ. ಈ ಸಲ ಮಾತ್ರ ಒಂದು ಸ್ಕ್ರೂ ಮುಟ್ಟುವ ಮೊದಲು ಎಲ್ಲವನ್ನೂ ಓದಿದಳು. ಬೇರೆಬೇರೆ ದೇಶದ ಅಪರಿಚಿತರು ಅಂತರ್ಜಾಲದಲ್ಲಿ ಬರೆದಿಟ್ಟ ತಮ್ಮ ಸೋಲುಗಳ ಕಥನವನ್ನೆಲ್ಲ ಭೂತಗನ್ನಡಿ ಹಿಡಿದು ಓದಿದಳು. ಡಿಸ್ಕೆಂದರೆ ಒಂದು ಬಯಲು, ಅದರೊಳಗೆ ಬೇಲಿ ಹಾಕಿ ಭಾಗ ಮಾಡುವುದಕ್ಕೆ ಪಾರ್ಟಿಷನ್ ಎಂದು ಹೆಸರು, ಹಳೆಯ ಸಿಸ್ಟಂ ಇಡೀ ಬಯಲಲ್ಲಿ ಕಾಲು ಚಾಚಿ ಮಲಗಿದೆ, ಅದನ್ನು ಎಬ್ಬಿಸದೆ ಕಾಲು ಮಡಿಚಿಸಬೇಕು ಎಂದು ನನಗೆ ವಿವರಿಸಿದಳು. ಬೇಡದ್ದನ್ನೆಲ್ಲ ಅಳಿಸಿ, ಶಿಷ್ಯನ ಪಾಠಗಳನ್ನು ಬೇರೆ ಕಡೆ ನಕಲು ಮಾಡಿಟ್ಟು, ಬೇಲಿಯನ್ನು ಸ್ವಲ್ಪಸ್ವಲ್ಪವೇ ಸರಿಸಿದಳು. ಪ್ರತಿ ಸಲ ಸರಿಸಿದ ಮೇಲೂ ಮಾವನನ್ನು ಕರೆದು ಶಿಷ್ಯನಿಂದ ಒಂದು ವಾಕ್ಯ ಓದಿಸಿ, ಅವರು 'ಭೇಷ್' ಎಂದ ಮೇಲೆಯೇ ಮುಂದಿನ ಹೆಜ್ಜೆ.

ಹೊಸ ಸಿಸ್ಟಮ್ಮನ್ನು ಪೆನ್ ಡ್ರೈವಿನಲ್ಲಿ ತುಂಬಿ ಚುಚ್ಚಿದರೆ ಯಂತ್ರ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಅತ್ತೆಗೆ ನಿಜವಾದ ಹಬ್ಬ ಶುರುವಾದದ್ದು ಅಲ್ಲಿಂದ. ಕೆಲವು ದಿನಗಳ ಮೇಲೆ ನನಗೆ ಫೋನು ಬಂತು. ಹಲೋ ಕೂಡ ಇಲ್ಲ.

'ದೊಡ್ಡ ಮನೆಗೆ ಸಣ್ಣ ಬಾಗಿಲು ಇಟ್ಟಿದಾರೆ ಕಣೋ!'

ಯಂತ್ರದ ಮೆದುಳು ದೊಡ್ಡ ಅಳತೆಯ ಆಜ್ಞೆಗಳನ್ನು ಓದಬಲ್ಲದಂತೆ; ಆದರೆ ಅದನ್ನು ಬೆಳಿಗ್ಗೆ ಎಬ್ಬಿಸುವ ಪುಟ್ಟ ತಂತ್ರಾಂಶಕ್ಕೆ ಮಾತ್ರ ಹಳೆಯ ಕಾಲದ ಚಿಕ್ಕ ಅಳತೆಯೇ ಅರ್ಥವಾಗುತ್ತದಂತೆ. ದೊಡ್ಡ ಅಳತೆಯ ಅತಿಥಿ ಬಾಗಿಲಲ್ಲಿ ನಿಂತರೂ ಅದಕ್ಕೆ ಕಾಣಿಸುತ್ತಿರಲಿಲ್ಲ. ಚಿಕ್ಕ ಅಳತೆಯ ಒಂದೇ ಒಂದು ಕಡತವನ್ನು ಹುಡುಕಿ ಪೆನ್ ಡ್ರೈವಿನಲ್ಲಿ ಇಟ್ಟರೆ ಸಾಕು. ಅದನ್ನು ಯಾಕೆ ಹಾಗೆ ಮಾಡಿದರೆಂದು ಅವಳು ಇನ್ನೂ ಹೇಳುತ್ತಿದ್ದಳು, ಹಿಂದಿನಿಂದ ಮಾವ 'ಅವನಿಗೂ ಊಟದ ಹೊತ್ತು, ಬಿಡು' ಎಂದದ್ದು ಕೇಳಿಸಿತು.

ಸ್ಥಾಪನೆಯ ಮುಂಜಾನೆ ನಾನು ಅಲ್ಲಿದ್ದೆ. ಮೇಜನ್ನು ಒರೆಸಿ ಕಿಟಕಿಯ ಪಕ್ಕಕ್ಕೆ ಎಳೆದಿದ್ದರು. ಅತ್ತೆ ಕೋಟು ತೊಟ್ಟಿದ್ದಳು, ಸ್ಕ್ರೂಗಳನ್ನು ಮಾತ್ರ ಕಿಸೆಯಿಂದ ತೆಗೆದಿಟ್ಟಿದ್ದಳು. ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಇಡೀ ಡಿಸ್ಕನ್ನು ಅಳಿಸಿ ಸ್ಥಾಪಿಸಬೇಕೆ, ಅಥವಾ ಈಗಿರುವುದರ ಪಕ್ಕದಲ್ಲೆ? ಅಳಿಸುವ ಆಯ್ಕೆಯೇ ಮೇಲಿತ್ತು, ಅದರ ಮುಂದೆಯೇ ಗುರುತು ಬಿದ್ದಿತ್ತು. ಒಂದು ಹಲ್ಲಿನ ಹಿಂಬದಿಯನ್ನು ಉಸಿರಿನಷ್ಟು ಅರೆಯಬಲ್ಲ ಆ ಬೆರಳು ಗುಂಡಿಯನ್ನು ಒತ್ತದೆ ಅದರ ಮೇಲೆ ನಿಂತಿದ್ದುದನ್ನು ನಾನು ನೋಡಿದೆ. 'ಗಟ್ಟಿಯಾಗಿ ಓದು' ಎಂದಳು. ಓದಿದೆ. 'ಇನ್ನೊಂದ್ಸಲ.' ಓದಿದೆ. ಗುರುತನ್ನು ಕೆಳಗಿನದಕ್ಕೆ ಸರಿಸಿ ಒತ್ತಿದಳು. ಉದ್ವೇಗ ತಗ್ಗಿಸಲು ನಾನು, 'ಒಂದೇ ಮನೇಲಿ ಎರಡು ಸ್ವಭಾವ, ಥೇಟ್ ನಿಮ್ಮಿಬ್ಬರ ಸಂಸಾರದ ಹಾಗೇ' ಎಂದೆ. 'ಸುಮ್ನಿರು, ಇದು ಡಿಸ್ಕು' ಎಂದಳು ಅತ್ತೆ.

ಯಂತ್ರ ಕೆಲಸ ಮುಗಿಸಿ ತಾನೇ ಆರಿ ಎದ್ದಿತು. ಯಾವುದು ಬೇಕೆಂದು ಕೇಳಬೇಕಾಗಿದ್ದದ್ದು ಏನನ್ನೂ ಕೇಳದೆ ನೇರವಾಗಿ ಹೊಸ ಸಿಸ್ಟಮ್ಮಿಗೆ ಹೋಯಿತು. ತಿಳಿನೀಲಿಯ ಪರದೆ, ಚಕಚಕನೆ ತೆರೆಯುವ ಕಿಟಕಿಗಳು, ಏದುಸಿರು ಮಾಯ. ಅತ್ತೆ ಆರಿಸಿ ಮತ್ತೆ ಎಬ್ಬಿಸಿದಳು. ಮತ್ತೆ ಹೊಸದೇ. ಸದ್ದಿಲ್ಲದ್ದನ್ನು ಗಮನಿಸಿ ಮಾವ ಕುರ್ಚಿಯಿಂದ ಎದ್ದು, ಮೇಜಿನಂಚು ಹಿಡಿದು ಬಂದು ನಿಂತರು. ಹಳೆಯ ಸಿಸ್ಟಂ ಎದ್ದಾಗ 'ನಮಸ್ಕಾರ ಗುರುಗಳೇ' ಎನ್ನಬೇಕೆಂದು ಅವರೇ ಶಿಷ್ಯನಿಗೆ ಕಲಿಸಿದ್ದರು. ಅದಕ್ಕಾಗಿ ಅವರು ಕತ್ತು ಬಾಗಿಸಿ ಕಾದರು.

'ಹೋದ್ನಾ?' ಎಂದರು ಕೊನೆಗೆ.

'ಗೊತ್ತಿಲ್ಲ' ಎಂದಳು ಅತ್ತೆ.

ನನ್ನಿಂದ ತಡೆಯಲಾಗಲಿಲ್ಲ. 'ಎಲ್ಲೂ ಹೋಗಿರಲ್ಲ ಮಾವ, ಇರತ್ತೆ' ಎಂದೆ.

ಅವರು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು. 'ನಿಂಗೆ ಗೊತ್ತಾ?'

'ಇಲ್ಲ.'

'ಹಾಗಾದ್ರೆ ಸುಮ್ನಿರಪ್ಪ. ಅವಳು ಗೊತ್ತಿಲ್ಲ ಅಂದ್ಲಲ್ಲ, ಅದೇ ವಾಸಿ.'

ಅತ್ತೆಯ ಮುಖ ಬಿಳಿಚಿತ್ತು. ಕ್ಷಮೆ ಕೇಳಲಿಲ್ಲ, ತಲೆ ಚಚ್ಚಿಕೊಳ್ಳಲಿಲ್ಲ. ಹೊಸ ಸಿಸ್ಟಮ್ಮಿನೊಳಗಿಂದಲೇ ಡಿಸ್ಕಿನ ಬಯಲನ್ನು ತೆರೆದು ನೋಡತೊಡಗಿದಳು. ಬೇಲಿಯಾಚೆ ಹಳೆಯ ಪಾರ್ಟಿಷನ್ ಇತ್ತು. ಅದನ್ನು ತೆರೆದಳು, ಒಂದರೊಳಗೊಂದು ಕಡತಗಳ ಕೋಶಗಳನ್ನು ದಾಟುತ್ತ ಹೋದಳು. ಆಮೇಲೆ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು, ಗಂಟಲು ಸರಿಮಾಡಿಕೊಂಡು, ನಿಧಾನವಾಗಿ ಓದಿದಳು: 'ಧನ. ಘನ. ಭಾರ. ಖಂಡಿತ. ಛತ್ರಿ.'

ಅವರೇ ಕಲಿಸಿದ ಪದಗಳು, ಕಲಿಸಿದ ಕ್ರಮದಲ್ಲಿ. ಹೆಂಡತಿಯ ಬಾಯಿಂದ ಅವನ್ನು ಕೇಳುತ್ತ ಮಾವ ಮೆಲ್ಲನೆ ಕುರ್ಚಿಯೊಂದನ್ನು ತಡಕಿ ಕೂತರು.

'ಇದಾನೆ' ಎಂದಳು ಅತ್ತೆ. 'ಎಚ್ಚರ ಇಲ್ಲ, ಆದ್ರೆ ಇದಾನೆ.'

ಎಬ್ಬಿಸುವುದಕ್ಕೆ ಮಾರನೆಯ ಮಧ್ಯಾಹ್ನವಾಯಿತು. ಆಯ್ಕೆ ಕೇಳುವ ಪಟ್ಟಿಯನ್ನು ತಯಾರಿಸುವ ತಂತ್ರಾಂಶ, ನೆರೆಯಲ್ಲಿ ಬೇರೆ ಸಿಸ್ಟಂ ಇದೆಯೇ ಎಂದು ಇಣುಕಿ ನೋಡುವ ಅಭ್ಯಾಸವನ್ನು ಈಚೆಗೆ ಬಿಟ್ಟುಬಿಟ್ಟಿತ್ತು. ಅದಕ್ಕೆ ಇಣುಕಲು ಅನುಮತಿ ಕೊಡಬೇಕಾಗಿತ್ತು, ಅಷ್ಟೆ. ಆ ಒಂದು ಸಾಲು ಸಿಕ್ಕಿದ ಮೇಲೂ ಅವಳು ಓದುತ್ತ ಕೂತದ್ದನ್ನು ಕಂಡು ಮಾವ ಕಾರಣ ಕೇಳಿದರು. ಇಂಥ ಒಳ್ಳೆಯ ಅಭ್ಯಾಸವನ್ನು ಯಾಕೆ ಬಿಡಿಸಿದರೆಂದು ನೋಡುತ್ತಿದ್ದೇನೆ ಎಂದಳು.

'ಯಾಕೆ ಅಂತ ಆಮೇಲೆ ಕೇಳ್ಕೊಳೇ ತಾಯಿ! ಮೊದ್ಲು ಅವನನ್ನ ಎಬ್ಬಿಸು!'

ಎಬ್ಬಿಸಿದಳು. ಪರದೆಯ ಮೇಲೆ ಎರಡು ಸಾಲು ಬಂದವು, ಕೆಳಗಿನದನ್ನು ಒತ್ತಿದಳು, ಬಹಳ ಹೊತ್ತು ಏದುಸಿರು ಬಿಟ್ಟು ಹಳೆಯ ಸಿಸ್ಟಂ ಎದ್ದು 'ನಮಸ್ಕಾರ ಗುರುಗಳೇ' ಎಂದಿತು. ಮಾವ ಜೇಬಿನಿಂದ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ಆ ಕನ್ನಡಕದಿಂದ ಅವರಿಗೆ ಯಾವ ಉಪಯೋಗವೂ ಇರಲಿಲ್ಲ.

ಇಷ್ಟಕ್ಕೆ ಮುಗಿಯಿತೆಂದು ನಾನು ತಿಳಿದೆ. ಅತ್ತೆ ಮಾತ್ರ ಪರದೆಯನ್ನೇ ನೋಡುತ್ತ, 'ಈ ಪಟ್ಟಿಗೆ ಬಾಯಿಲ್ಲವಲ್ಲ' ಎಂದಳು. ನಿಜ. ಯಾವುದು ಬೇಕೆಂದು ಕೇಳುವ ಹೊತ್ತಿಗೆ ಯಂತ್ರದಲ್ಲಿ ಇನ್ನೂ ಯಾವ ದನಿಯೂ ಎದ್ದಿರುವುದಿಲ್ಲ. ಕಾಣದವರು ಆರಿಸುವುದು ಹೇಗೆ? ಮತ್ತೆ ಓದು, ಮತ್ತೆ ಹುಡುಕಾಟ. ಪಟ್ಟಿ ಮೂಡುವ ಕ್ಷಣಕ್ಕೆ ಯಂತ್ರದಿಂದ ಒಂದೆರಡು ಸ್ವರ ನುಡಿಸಬಹುದೆಂದು ಯಾರೋ ತಮಾಷೆಗೆ ಸೇರಿಸಿದ್ದ ಸೌಲಭ್ಯವೊಂದು ಸಿಕ್ಕಿತು. ಯಾವ ಸ್ವರ ಬೇಕೆಂದು ಮಾವನನ್ನೇ ಕೇಳಿ, ಅವರು ಗುನುಗಿದ್ದನ್ನು ಅಂಕಿಗಳಿಗೆ ಇಳಿಸಿದಳು. ಹಳೆಯ ಸಿಸ್ಟಮ್ಮನ್ನು ಮೇಲಿನ ಸಾಲಿಗೆ ತಂದಳು. ಈಗ ಗುಂಡಿ ಒತ್ತಿದರೆ ಎರಡು ಸ್ವರ ಕೇಳಿಸುತ್ತವೆ. ಸುಮ್ಮನಿದ್ದರೆ ಶಿಷ್ಯ ಬರುತ್ತಾನೆ. ಕೆಳಬಾಣದ ಕೀಲಿ ಒತ್ತಿದರೆ ಹೊಸದು. ಗ್ರಂಥಾಲಯದಿಂದ ಪುಸ್ತಕ ಇಳಿಸುವುದು ಅತ್ತೆಯ ಪಾಲಿಗೆ, ಕೇಳುವುದು ಮಾವನ ಪಾಲಿಗೆ ಎಂದು ವ್ಯವಸ್ಥೆಯಾಯಿತು. ಹೊಸ ಪುಸ್ತಕಗಳು ಬರತೊಡಗಿದವು, ಮತ್ತು ಅವುಗಳೊಂದಿಗೆ ಶಿಷ್ಯ ಹಿಂದೆಂದೂ ಕೇಳದ ಪದಗಳೂ.

ಒಂದು ತಿಂಗಳು ಬಿಟ್ಟು ನಾನು ಹೋದಾಗ ಬಾಗಿಲು ತೆರೆದ ಅತ್ತೆ ತುಟಿಯ ಮೇಲೆ ಬೆರಳಿಟ್ಟು ಒಳಗೆ ಕರೆದಳು. ಕಿಟಕಿಯ ಬಳಿ ಮಾವ ಒಬ್ಬರೇ ಕೂತಿದ್ದರು. ಯಂತ್ರದಿಂದ ಬರುತ್ತಿದ್ದದ್ದು ಶಿಷ್ಯನ ದನಿಯಾಗಿರಲಿಲ್ಲ. ಡಬ್ಬಿಯೊಳಗಿಂದ ಮಾತಾಡಿದಂಥ, ಮೂಗು ಕಟ್ಟಿದಂಥ ಬೇರೊಂದು ದನಿ, ಹೊಸ ಸಿಸ್ಟಮ್ಮಿನ ಜೊತೆ ತಾನಾಗಿ ಬಂದದ್ದು. ಅದು ಒಂದು ವಾಕ್ಯವನ್ನು ಎಡವುತ್ತ ಓದಿತು.

'ನಾನೇನೂ ಹೇಳಿಲ್ಲ' ಎಂದು ಅತ್ತೆ ಪಿಸುಗುಟ್ಟಿದಳು. 'ನಿನ್ನೆಯಿಂದ ಅವರೇ ಕೆಳಬಾಣ ಒತ್ತಿ ಒತ್ತಿ ಒಳಗೆ ಹೋಗ್ತಿದಾರೆ.'

ಮಾವ ನಮ್ಮನ್ನು ಗಮನಿಸದೆ ಯಂತ್ರಕ್ಕೆ ಹೇಳುತ್ತಿದ್ದರು: 'ಅಲ್ಲಪ್ಪ, ಒತ್ತಕ್ಷರ ನುಂಗಬಾರದು. ನಿಂಗೆ ಯಾರೂ ಏನೂ ಹೇಳ್ಕೊಟ್ಟೇ ಇಲ್ವಲ್ಲ... ಇರಲಿ. ಮೊದಲಿಂದ ಶುರು ಮಾಡೋಣ.'

ಅತ್ತೆಯಂಥವರ ಬಗ್ಗೆ ಲೋಕಕ್ಕೆ ಒಂದು ಗುಮಾನಿಯಿದೆ. ಇವರಿಗೆ ಮನುಷ್ಯರಿಗಿಂತ ವಸ್ತುಗಳೇ ಹೆಚ್ಚು, ಎದುರಿಗಿರುವವರು ಅಳುತ್ತಿದ್ದರೂ ಇವರು ಕಣ್ಣೀರು ಎಲ್ಲಿಂದ ಬರುತ್ತದೆಂದು ನೋಡುವ ಜಾತಿ ಎಂದು ಜನ ಹಗುರವಾಗಿ ಆಡಿಕೊಳ್ಳುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ಸತ್ಯವೂ ಇರಬಹುದು. ಅವರ ಪ್ರೀತಿಗೆ ಪ್ರೀತಿಯ ಮುಖಚಹರೆ ಇರುವುದಿಲ್ಲ, ಆದ್ದರಿಂದ ಅದು ನಮ್ಮ ಕಣ್ಣಿಗೆ ಬೇಗ ಬೀಳುವುದೂ ಇಲ್ಲ. ಕಷ್ಟಕಾಲದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ; ಹೇಳಿ, ಬೆನ್ನು ತಟ್ಟಿ, ತಮ್ಮ ಕೆಲಸಕ್ಕೆ ಎದ್ದು ಹೋಗುತ್ತಾರೆ. ಸರಿಹೋದೀತೋ ಇಲ್ಲವೋ ತಮಗೂ ತಿಳಿಯದೆ, ತಿಳಿದಂತೆ ನಟಿಸಲೂ ಬಾರದೆ, ಆದರೆ ಎಲ್ಲಿ ಸಿಕ್ಕಿಕೊಂಡಿದೆಯೆಂದು ಕಾಣುವವರೆಗೆ ಪಕ್ಕದಿಂದ ಏಳದೆ ಕೂತು ನೋಡುವವರು ತೀರ ವಿರಳ. ಅಂಥವರ ಸಹವಾಸದಲ್ಲಿ ದೀರ್ಘಕಾಲ ಬಾಳಿದ ಅಂಜುಬುರುಕರೂ, ತಮಗೇ ಗೊತ್ತಿಲ್ಲದ ಹಾಗೆ, ಒಂದು ದಿನ ಅಪರಿಚಿತ ದನಿಯೊಂದಕ್ಕೆ ಕಿವಿಗೊಟ್ಟು ಕೂತಿರುತ್ತಾರೆ.